ಬರೀ ಕೆಮ್ಮಿನವರು

ಜುಲೈ ಅಂದರೆ ಇಲ್ಲಿ ನಟ್ಟನಡು ಚಳಿ.
ಪುಂತಾ ಅರೇನಾಸಿನ ಬೀದಿ ತಿರುವಿನಲ್ಲಿ
ಬೇಸಿಗೆಯ ಬಿರುಗಾಳಿಗೆ ಜನ ಹಿಡಿದು ನಡೆಯಲೆಂದು ಕಟ್ಟಿದ ಹಗ್ಗ
ಯಾರೂ ಬಿಚ್ಚದೆ, ಹಿಮ ಕಟ್ಟಿ, ಕೊರಡಾಗಿದೆ.
ಬೆಳಗಾಗುವುದು ಹತ್ತರ ಹೊತ್ತಿಗೆ. ನಾನು ಎಂಟಕ್ಕೆ
ಕತ್ತಲಲ್ಲೇ ದವಾಖಾನೆಯ ಬಾಗಿಲು ತೆಗೆಯುತ್ತೇನೆ.
ಕೆಮ್ಮು ನನಗಿಂತ ಮೊದಲೇ ಬಂದು
ಮೆಟ್ಟಿಲ ಮೇಲೆ ಕೂತಿರುತ್ತದೆ.

ದೋನ್ ಸೆಲೆದೋನಿಯೊ ಕಾರ್ಕಮೊ. ಎಪ್ಪತ್ತೊಂದು.
ನಲವತ್ತು ವರ್ಷ ಕುರಿಯ ತುಪ್ಪಟ ಕತ್ತರಿಸಿದ ಕೈ
ನನ್ನ ಹತ್ತಿಕಡ್ಡಿ ಕಂಡದ್ದೇ ಟೋಪಿ ಹಿಂಡತೊಡಗಿತು.
ಮೂಗು ಹಿಡಿದರೆ ಬಾಯಿ ತೆರೆಯಲೇಬೇಕು.
ತೆರೆದ ಬಾಯಿಗೆ ಕೇಳಿದೆ:
ಈ ವರ್ಷ ಸೂಜಿ ಹಾಕಿಸಿದಿರಾ?
"ನೀನೇ ಚುಚ್ಚಿದೆಯಲ್ಲ, ಎದುವಿನಾ,
ಮಾರ್ಚಿನಲ್ಲಿ, ಈ ತೋಳಿಗೆ!"
ಮಾರ್ಚ್ ನಿಜ. ತೋಳು ನಿಜ. ಚುಚ್ಚಿದ್ದು ನಾನೇ.
ವರ್ಷ ಮಾತ್ರ ಹೋದದ್ದು, ಅನ್ನುತ್ತದೆ ದಫ್ತರ.

ಎರಡು ದಿನಕ್ಕೆ ಫಲಿತಾಂಶ: ಫ್ಲೂ ಅಲ್ಲ.
ಅವರಿಗೆ ಅವಮಾನವಾಯಿತು.
"ಮೂರು ರಾತ್ರಿ ಪಕ್ಕೆಲುಬು ಕಿತ್ತು ಬರುವಂತೆ ಕೆಮ್ಮಿದ್ದೇನೆ,
ಏನೂ ಅಲ್ಲವೇ?"
ಏನೋ ಒಂದು, ಅಂದೆ. ಹೆಸರಿಲ್ಲದ್ದು.
ನಿಮ್ಮಂಥವರು ಬೇಕು ನಮಗೆ.
ನಂಬಲಿಲ್ಲ. ಬಾಗಿಲು ಹಾಕದೆ ಹೋದರು.

ಸೆಪ್ಟೆಂಬರಿನಲ್ಲಿ ದಾನಿತ್ಸಾ ಬಂದಳು, ಲೆಕ್ಕದವಳು.
ಮೇಜಿನ ಮೇಲೆ ಹುರುಳಿಕಾಯಿಯ ಕಾಳು ಸುರಿದಳು,
ಅಡುಗೆಮನೆಯಿಂದ ನಾನೇ ತಂದುಕೊಟ್ಟದ್ದು.
ಫ್ಲೂ ಬಂದವರು ಅರವತ್ತು. ಅವರಲ್ಲಿ
ಸೂಜಿ ಕಂಡ ಒಬ್ಬರಿಗೆ ಕಾಣದವರು ಮೂವರು.
ಈ ಕಡೆ ನೂರು ಜನ, ಬರೀ ಕೆಮ್ಮಿನವರು.
ಇವರಲ್ಲಿ ಒಬ್ಬರಿಗೆ ಒಂದೂವರೆ.
"ಫ್ಲೂ ಬಂದವರನ್ನಷ್ಟೇ ನೋಡಿದರೆ ಏನೂ ತಿಳಿಯದು,
ಅದೇ ಬೀದಿಯಿಂದ, ಅದೇ ಚಳಿಯಲ್ಲಿ,
ಅದೇ ಮೆಟ್ಟಿಲು ಹತ್ತಿ ಬಂದು
ಅಲ್ಲ ಅನ್ನಿಸಿಕೊಂಡು ಹೋದವರೇ
ನಮ್ಮ ಸೇರು, ನಮ್ಮ ಪಾವು."

ಹಾಗಾದರೆ ಸೂಜಿಯ ಬಲ?
"ಅರ್ಧ."
ಸದ್ಯ, ಅಂದೆ. ಆ ಸೂಜಿಗಳೆಲ್ಲ ನನ್ನ ಕೈಯವು.
"ಅಥವಾ ಮುಕ್ಕಾಲು. ಅಥವಾ ಏನೂ ಇಲ್ಲ."
ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತಲ್ಲೇ!
"ಗೋಡೆ ಎಷ್ಟು ಅಗಲ ಅಂತ ಹೇಳುವುದೂ
ಲೆಕ್ಕವೇ," ಅಂದಳು, ಕಾಳು ಸರಿಪಡಿಸುತ್ತ.

ಮನೆಯಲ್ಲೇ ಮಲಗಿ ಗುಣವಾದವರು ಈ ಮೇಜಿನ ಮೇಲಿಲ್ಲ.
ಮಲಗಿದವರು ಏಳದೆ ಹೋದದ್ದೂ ಇಲ್ಲ.
ಸೂಜಿ ಹಾಕಿಸಿಕೊಂಡು, ಏನೂ ಆಗದೆ,
ಜಲಸಂಧಿಯ ದಡದಲ್ಲಿ ನಾಯಿ ಅಟ್ಟಿಕೊಂಡು ಓಡಾಡಿದವರು
ಇಲ್ಲವೇ ಇಲ್ಲ.

"ಒಂದೇ ಒಂದು ಕಾಳು," ದಾನಿತ್ಸಾ ಬೆರಳಿಟ್ಟಳು,
"ಇಲ್ಲಿಂದ ಇಲ್ಲಿಗೆ ಸರಿದಿದ್ದರೆ,
ಸೂಜಿ ಕಾಣದ ಕೆಮ್ಮಿನಿಂದ ಸೂಜಿ ಕಂಡ ಕೆಮ್ಮಿಗೆ,
ಗೋಡೆಯ ಈ ತುದಿ ಸೊನ್ನೆಯನ್ನು ದಾಟುತ್ತಿತ್ತು.
ಕೂದಲೆಳೆಯಷ್ಟು."
ಆ ಕಾಳಿನ ಹೆಸರು ನನಗೆ ಗೊತ್ತು.
ಟೋಪಿ ಹಿಂಡುತ್ತದೆ ಅದು.
ಈಗಲೂ ಕೇಳಿದರೆ ಆಣೆ ಮಾಡಿ ಹೇಳುತ್ತದೆ,
ಮಾರ್ಚಿನಲ್ಲಿ, ಈ ತೋಳಿಗೆ.

ಒಲೆಯ ಮೇಲೆ ನೀರು ಕುದಿಯುತ್ತಿತ್ತು.
ಇಬ್ಬರೂ ಆ ಕಾಳನ್ನು ಮುಟ್ಟಲಿಲ್ಲ.
ಸಂಜೆ ಎಲ್ಲವನ್ನೂ ಬಾಚಿ ನೆನೆಹಾಕಿದೆ.
ಬೇರೆ ಬೇರೆ ಊರಿನ ಕಾಳುಗಳೂ ಸೇರಬೇಕಂತೆ,
ಆಗ ಗೋಡೆ ಸಣ್ಣದಾಗುತ್ತದಂತೆ.

ಮತ್ತೆ ಮಾರ್ಚ್. ಗಾಳಿ ಇನ್ನೂ ಇಳಿದಿಲ್ಲ,
ಹಗ್ಗ ಹಿಡಿದು ಬಂದಿದ್ದಾರೆ ಸೆಲೆದೋನಿಯೊ.
ಕೂರುವ ಮೊದಲೇ ಅಂಗಿಯ ತೋಳು ಮೇಲಕ್ಕೆ.
ಸೂಜಿ ಎತ್ತಿದರೆ ಅಡ್ಡ ಕೈ ಹಿಡಿಯುತ್ತಾರೆ:
"ಮೊದಲು ಬರಿ. ತಾರೀಕು. ಇಸವಿ ಕೂಡ.
ನಾನು ನೋಡಬೇಕು."